ಲೇಖನಶಿಕ್ಷಣದಲ್ಲಿ ಅವೇಕ್ಷಣದ ಸ್ಥಾನ

ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷನ್ನು ಕಲಿಯುವ ಕನ್ನಡ ವಿದ್ಯಾರ್ಥಿಗಳಿಗೆ ಬರೆವಣಿಗೆಯನ್ನು ಬೋಧಿಸುವ ಕ್ರಮವು ಪ್ರಾಯಿಕವಾಗಿ ಎರಡೇ ಅಂಗಗಳುಳ್ಳದ್ದು: ಮಾದರಿಯ ಪ್ರಬಂಧವನ್ನು ಮುಂದಿಡುವುದು, ವಿದ್ಯಾರ್ಥಿಯು ಬರೆದು ಮುಗಿಸಿದುದರಲ್ಲಿ ತಪ್ಪುಗಳಿಗೆ ಗೆರೆಯೆಳೆಯುವುದು. ಇವೆರಡರ ನಡುವೆ ಲೇಖನವ್ಯಾಪಾರವು ಹೇಗೆ ನಡೆಯಿತೆಂಬುದನ್ನು ವಿಚಾರಿಸುವವರು ವಿರಳ. ಕಣದಲ್ಲಿ ಕಾಳನ್ನು ಪರೀಕ್ಷಿಸಿ ಬೇಸಾಯವನ್ನು ಕಲಿಸಿದೆವೆಂದರೆ ಒಪ್ಪತಕ್ಕವರಾರು?

ಈ ನ್ಯೂನತೆಯನ್ನು ಪಾಶ್ಚಾತ್ಯ ವಿದ್ವಾಂಸರು ಚೆನ್ನಾಗಿ ವಿಮರ್ಶಿಸಿರುವರು. ೧೯೮೧ರಲ್ಲಿ ಅಮೆರಿಕದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಎಂಬವರು ಲೇಖನವ್ಯಾಪಾರವನ್ನು ಯೋಜನೆ, ನುಡಿಗಿಳಿಸುವಿಕೆ, ಪುನರವಲೋಕನ ಎಂದು ವಿಂಗಡಿಸಿ, ಇವು ಒಂದಾದ ಮೇಲೊಂದು ಮುಗಿಯುವ ಮೆಟ್ಟಿಲುಗಳಲ್ಲ, ಲೇಖಕನು ಒಂದರಿಂದೊಂದಕ್ಕೆ ಮರಳಿ ಮರಳಿ ಹೋಗುವನೆಂದು ಪ್ರತಿಪಾದಿಸಿದರು. ೧೯೮೩ರಲ್ಲಿ ವಿವಿಯನ್ ಜಾಮೆಲ್ ಎಂಬವರು, ಇಂಗ್ಲಿಷು ಎರಡನೆಯ ಭಾಷೆಯಾಗಿದ್ದ ಆರು ಮಂದಿ ವಿದ್ಯಾರ್ಥಿಗಳ ಬರೆವಣಿಗೆಯನ್ನು ಪರಿಶೀಲಿಸಿದರು. ಸಮರ್ಥರಾದವರು ಅರ್ಥವನ್ನು ಸ್ಫುಟಗೊಳಿಸುವುದಕ್ಕಾಗಿ ತಿದ್ದಿದರು. ಅಸಮರ್ಥರು ಬಿಡಿ ಪದಗಳನ್ನು ಬದಲಿಸುವುದರಲ್ಲಿಯೇ ತೊಡಗಿದರು.

ಈ ತತ್ತ್ವವು ಭಾರತೀಯ ಅಲಂಕಾರಿಕರಿಗೆ ಅಪರಿಚಿತವಲ್ಲ. ಪದವನ್ನು ಇಡುವುದು, ತೆಗೆಯುವುದು ಎಂಬ ವ್ಯಾಪಾರಕ್ಕೆ ವಾಮನನು 'ಅವೇಕ್ಷಣ'ವೆಂಬ ಹೆಸರನ್ನೇ ಕೊಟ್ಟು, ಅದನ್ನು ಕಾವ್ಯಾಂಗಗಳಲ್ಲಿ ಎಣಿಸಿದನು. ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಕವಿಯ ಹಗಲನ್ನು ನಾಲ್ಕು ಪ್ರಹರಗಳಾಗಿ ಭಾಗಿಸಿ, ಎರಡನೆಯದನ್ನು ರಚನೆಗೂ ನಾಲ್ಕನೆಯದನ್ನು ಪರೀಕ್ಷೆಗೂ ಮೀಸಲಿಟ್ಟನು. ರಸಾವೇಶದಲ್ಲಿ ಬರೆಯುವವನಿಗೆ ವಿವೇಚನೆಯ ಕಣ್ಣು ಇರುವುದಿಲ್ಲವಾದುದರಿಂದ, ಹೆಚ್ಚಾದುದನ್ನು ಬಿಡುವುದು, ಕಡಿಮೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಮಾರ್ಪಡಿಸುವುದು, ಮರೆತುದನ್ನು ನೆನೆದು ಸೇರಿಸುವುದು ಆಮೇಲಿನ ಕೆಲಸವೆಂಬುದು ಆತನ ಮತ.

ಹಾಗೆಂದು ಎಲ್ಲವೂ ಪೂರ್ವಿಕರಲ್ಲಿಯೇ ಉಂಟೆಂದು ಸಾಧಿಸುವುದು ಪಕ್ಷಪಾತವಾದೀತು. ರಾಜಶೇಖರನ ಕವಿಯು ಭಾಷೆಯಲ್ಲಿ ನಿಷ್ಣಾತನು. ಇಂಗ್ಲಿಷಿನ ವಿದ್ಯಾರ್ಥಿಯಾದರೋ ಭಾಷೆಯನ್ನು ಕಲಿಯುತ್ತಲೇ ಬರೆಯಬೇಕಾದವನು. ಅವನಿಗೆ ಮಾತೃಭಾಷೆಯು ವಿಘ್ನವೋ ಆಧಾರವೋ ಎಂಬುದೇ ಇಲ್ಲಿಯ ಮುಖ್ಯಪ್ರಶ್ನೆ. ಅಲೆಕ್ಸಾಂಡರ್ ಫ್ರೀಡ್‌ಲ್ಯಾಂಡರ್ ಎಂಬವರು ೧೯೯೦ರಲ್ಲಿ ಚೀನೀ ಭಾಷೆಯ ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ವಿಷಯವನ್ನು ಯಾವ ಭಾಷೆಯಲ್ಲಿ ಅರಿತಿದ್ದರೋ ಅದೇ ಭಾಷೆಯಲ್ಲಿ ಯೋಜನೆ ಮಾಡಿದಾಗ ಇಂಗ್ಲಿಷಿನ ಬರೆಹವೂ ಉತ್ತಮವಾಯಿತೆಂದು ತೋರಿಸಿದರು.

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನ ವಿದ್ಯಾರ್ಥಿಯೊಬ್ಬನು ತನ್ನೂರಿನ ರೈಲ್ವೆ ಜಂಕ್ಷನ್ನನ್ನು ಕುರಿತು ಇಂಗ್ಲಿಷಿನಲ್ಲಿ ಬರೆಯಬೇಕಾಗಿದೆಯೆಂದು ಭಾವಿಸಬಹುದು. ಹುಬ್ಬಳ್ಳಿಯ ಮಾರ್ಗದಿಂದ ಚಿತ್ರದುರ್ಗದ ಕಡೆಗೆ ಕವಲು ಹೊರಡುವ ಬಗೆಯನ್ನೂ, ಗಾಡಿಗಾಗಿ ಕಾಯುವ ಜನರ ಸುಖದುಃಖಗಳನ್ನೂ ಅವನು ಬಲ್ಲುದು ಕನ್ನಡದಲ್ಲಿ. ಆ ಅರಿವನ್ನು ಕನ್ನಡದಲ್ಲಿಯೇ ಕ್ರಮಗೊಳಿಸಲು ಬಿಡದೆ ಮೊದಲ ವಾಕ್ಯದಿಂದಲೇ ಇಂಗ್ಲಿಷನ್ನು ವಿಧಿಸಿದರೆ, ಅವನು ಬಾಯಿಪಾಠದ ಪ್ರಬಂಧಕ್ಕೆ ಶರಣಾಗುವನು. ಬಲ್ಲುದೆಲ್ಲವೂ ಕಾಗದದ ಹೊರಗೇ ಉಳಿಯುವುದು.

ಆದುದರಿಂದ ಯೋಜನೆಗೆ ಕನ್ನಡವೂ, ಅವೇಕ್ಷಣಕ್ಕೆ ಅವಕಾಶವೂ ಪಾಠಕ್ರಮದಲ್ಲಿ ಸಲ್ಲಬೇಕು. ಮೊದಲನೆಯ ಕರಡಿನಲ್ಲಿ ಅರ್ಥವನ್ನು ಕುರಿತ ಪ್ರಶ್ನೆಗಳನ್ನು ಮಾತ್ರ ಕೇಳಿ, ವ್ಯಾಕರಣದ ತಿದ್ದುಪಡಿಯನ್ನು ಎರಡನೆಯದಕ್ಕೆ ಉಳಿಸುವುದು ಯುಕ್ತ. ಒಂದೇ ಕುಳಿತದಲ್ಲಿ ಬರೆದುದಕ್ಕೆ ಮಾತ್ರ ಅಂಕ ಸಲ್ಲುವವರೆಗೆ, ತಿದ್ದಿ ಬರೆಯಿರೆಂಬ ಉಪದೇಶವನ್ನು ವಿದ್ಯಾರ್ಥಿಯು ನಂಬನು. ನಂಬದಿರುವುದು ಅವನ ದೋಷವೂ ಅಲ್ಲ.