ಚಾವಿ ಕೈಗೆ ಬಂದ ಮೇಲೆ

ಲಿಸ್ಬನ್ನಿನಲ್ಲಿ ನಾಲ್ಕು ದಿನಕ್ಕೆ ಬಾಡಿಗೆ ಮನೆ ಹಿಡಿದವರ ಕೈಗೆ ಮೊದಲು ಬರುವ ವಸ್ತುವಿನ ಹೆಸರನ್ನು ಹುಬ್ಬಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ಪೋರ್ಚುಗೀಸರ 'ಶಾವ್' ಕಡಲು ದಾಟಿ ಬಂದು ನಮ್ಮ ಚಾವಿಯಾಗಿದೆ. ಬಟಾಟೆ, ಅನಾನಸು, ಬಾಲ್ದಿಗಳೂ ಅದೇ ಹಡಗಿನ ಸರಕು.

ಚಾವಿ ಸಿಕ್ಕಿತು, ಪೆಟ್ಟಿಗೆ ಒಳಗಿಟ್ಟಾಯಿತು. ಅನುಭವಸ್ಥ ಪ್ರವಾಸಿ ಆಗಲೇ 28ನೇ ನಂಬರಿನ ಟ್ರಾಮಿಗೆ ಓಡುವುದಿಲ್ಲ. ಆ ಹಳದಿ ಬಂಡಿಯಲ್ಲಿ ಬೆವರುತ್ತ ನಿಂತರೆ ಕಾಣುವುದು ಇತರ ಪ್ರವಾಸಿಗರ ಬೆನ್ನು ಮಾತ್ರ. ಮೊದಲ ಸಂಜೆಯನ್ನು ಮನೆಯ ಸುತ್ತಲಿನ ಗಲ್ಲಿಗಳಿಗೇ ಕೊಡಬೇಕು.

ಮನೆ ಮೊರಾರಿಯಾದಲ್ಲಿದ್ದರಂತೂ ಬೇರೆಡೆ ಹೋಗುವ ದರ್ದೇ ಇಲ್ಲ. 1147ರಲ್ಲಿ ದೊರೆ ಅಫೊನ್ಸೊ ಹೆನ್ರಿಕ್ಸ್ ಊರನ್ನು ಗೆದ್ದ ಮೇಲೆ, ಸೋತ ಮುಸ್ಲಿಮರಿಗೆ ಕೋಟೆಯ ಹೊರಗಿನ ಇಳಿಜಾರಿನಲ್ಲಿ ಇರಲು ಜಾಗ ಬಿಟ್ಟುಕೊಟ್ಟ. 'ಮೂರ್'ಗಳೆಂದು ಕರೆಸಿಕೊಂಡ ಆ ಮುಸ್ಲಿಮರ ಕೇರಿ, ಆದ್ದರಿಂದ ಮೊರಾರಿಯಾ. ಇಲ್ಲಿ ಫೋನಿನ ನಕ್ಷೆಯನ್ನು ಅರ್ಧ ಮಾತ್ರ ನಂಬಬೇಕು. ಅದು ದೂರ ಹೇಳುತ್ತದೆ, ಏರು ಹೇಳುವುದಿಲ್ಲ. ಬದಲಿಗೆ ಗೋಡೆಯ ಫಲಕ ಓದುವುದು ಲೇಸು. 'ರುವಾ' ಎಂದಿದ್ದರೆ ಬೀದಿ, 'ಲಾರ್ಗೊ' ಎಂದರೆ ನಾಲ್ಕು ಜನ ಕೂತು ಹರಟುವಷ್ಟು ಬಯಲು. 'ಬೆಕೊ' ಎಂದರೆ ಓಣಿ, ಮುಂದೆ ಗೋಡೆಯೇ ಎದುರಾದೀತು. 'ಎಸ್ಕದಿನ್ಯಾಸ್' ಕಂಡರೆ ಮಂಡಿ ನೋವಿನವರು ತಿರುಗಿಬಿಡುವುದು ಒಳ್ಳೆಯದು, ಅದು ಮೆಟ್ಟಿಲ ಸಾಲು. ಕಾಲಡಿಯ ಸುಣ್ಣಕಲ್ಲು ಸವೆದು ನುಣುಪಾಗಿದೆ. ಮಳೆ ಬಿದ್ದರೆ ಪಾಚಿ ಕಟ್ಟಿದ ಬಚ್ಚಲಿನಂತೆ ಜಾರುತ್ತದೆ.

ಹೀಗೆ ಹತ್ತಿ ಇಳಿಯುವಾಗ ರುವಾ ದೊ ಕಪೆಲಾವ್ ಎಂಬ ಸಣ್ಣ ಬೀದಿಯ ಬಾಯಲ್ಲಿ ಕಲ್ಲಿನ ಗಿಟಾರು ಕಾಣುತ್ತದೆ. ಫಾದೊ ಹಾಡುಗಾರಿಕೆಯ ದಂತಕಥೆ ಮರಿಯಾ ಸೆವೆರಾ ಬಾಳಿದ ಬೀದಿ ಇದು. 1846ರಲ್ಲಿ ಆಕೆ ತೀರಿಕೊಂಡಾಗ ವಯಸ್ಸು 26. ಬೆಕೊ ದಸ್ ಫರಿನ್ಯಾಸ್‌ನಲ್ಲಿ ಇನ್ನೊಂದು ಬಗೆಯ ನೆನಪಿದೆ. ಕೇರಿಯ ವೃದ್ಧರ ಚಿತ್ರಗಳನ್ನು ಛಾಯಾಗ್ರಾಹಕಿ ಕಮಿಲಾ ವಾಟ್ಸನ್ ಆ ವೃದ್ಧರದೇ ಓಣಿಯ ಗೋಡೆಗಳ ಮೇಲೆ ಮೂಡಿಸಿದ್ದಾರೆ. ಚಿತ್ರದ ಮೇಲ್ಗಡೆ ಕಿಟಕಿಯಲ್ಲಿ ಒಗೆದ ಬಟ್ಟೆ ನೇತಾಡುತ್ತಿರುತ್ತದೆ.

ಅಡುಗೆಮನೆ ಇರುವ ಬಾಡಿಗೆ ಮನೆಯ ಸುಖ ಗೊತ್ತಾಗುವುದು ರುವಾ ದೊ ಬೆನ್‌ಫೊರ್ಮೊಸೊದಲ್ಲಿ. ಬಾಂಗ್ಲಾದೇಶಿ, ಭಾರತೀಯ ಅಂಗಡಿಗಳ ಸಾಲು. ಬೇಳೆ, ಜೀರಿಗೆ, ಒಣಮೆಣಸಿನಕಾಯಿ. ಮೆಣಸಿನಕಾಯಿಯನ್ನು ಗೋವೆಗೆ ಇಳಿಸಿದವರು ಪೋರ್ಚುಗೀಸರೇ. ಅವರ ರಾಜಧಾನಿಯಲ್ಲಿ ನಿಂತು ಅದನ್ನೇ ಚೀಟಿ ಬರೆದು ಕೊಳ್ಳುವಾಗ ನಗು ಬಾರದಿರದು. ಬೆಳಿಗ್ಗೆ ಬೇಕರಿಯಲ್ಲಿ 'ಪಾವ್' ಎಂದರೆ ಸಾಕು, ಬ್ರೆಡ್ಡು ಕೈಗೆ ಬರುತ್ತದೆ. ಕಾಫಿಗೆ 'ಬಿಕಾ' ಎನ್ನಬೇಕು. ಕೌಂಟರಿನಲ್ಲಿ ನಿಂತೇ ಕುಡಿಯುವುದು ಊರವರ ರೀತಿ. ಎರಡು ಗುಟುಕಿನ ಲೋಟ, ನಮ್ಮ ಬೈಟು ಕಾಫಿಗಿಂತಲೂ ಚಿಕ್ಕದು.

ಹಲವು ಬಾಗಿಲುಗಳ ಪಕ್ಕ 'ಎಎಲ್' ಎಂಬ ಪುಟ್ಟ ಫಲಕ ಇರುತ್ತದೆ. ಪ್ರವಾಸಿಗರಿಗೆಂದು ನೋಂದಾಯಿಸಿದ ಮನೆಯ ಗುರುತು ಅದು. ಫಲಕಗಳು ಹೆಚ್ಚಿದಂತೆ ಬಾಡಿಗೆ ಏರಿ, ಹಳೆಯ ಬಾಡಿಗೆದಾರರು ಜಾಗ ಬಿಟ್ಟರು. 2018ರ ಕೊನೆಗೆ ನಗರಸಭೆ ಮೊರಾರಿಯಾ, ಅಲ್ಫಾಮಾಗಳಂಥ ಕೇರಿಗಳಲ್ಲಿ ಹೊಸ ನೋಂದಣಿಯನ್ನೇ ತಡೆಹಿಡಿಯಿತು. ಒಂದೇ ಓಣಿಯಲ್ಲಿ ಅಡ್ಡಾಡುತ್ತ ಫಲಕಗಳನ್ನು ಎಣಿಸಿದರೆ, ಮೇಲೆ ಬಟ್ಟೆ ಒಣಗುತ್ತಿರುವ ಕಿಟಕಿಗಳನ್ನೂ ಎಣಿಸಿದರೆ, ಊರವರು ಎಷ್ಟು ಉಳಿದಿದ್ದಾರೆಂಬ ಅಂದಾಜು ಸಿಗುತ್ತದೆ.

ಮರಳುವ ದಿನ ನಸುಕಿನಲ್ಲೇ ಹೊರಡುವವರು ಗಾಲಿಪೆಟ್ಟಿಗೆಯನ್ನು ಕಲ್ಲುಹಾಸಿನ ಮೇಲೆ ಗಡಗಡ ಎಳೆಯದೆ ಮುಖ್ಯರಸ್ತೆಯವರೆಗೆ ಎತ್ತಿಕೊಂಡೇ ಇಳಿಯುವುದುಂಟು. ಆ ಬಾಗಿಲುಗಳ ಹಿಂದೆ ಇನ್ನೂ ಕೆಲವರು ಮಲಗಿರುತ್ತಾರೆ.