ಎದೆಗೆ ಗಾಳಿ ತಾಕಲಿ

ಬೈಕಿನ ವಿಂಡ್‌ಶೀಲ್ಡ್ ಬಿಚ್ಚಲು ಒಂದು ಅಲೆನ್ ಕೀ, ಹತ್ತು ನಿಮಿಷ ಸಾಕು. ಆದರೂ ಒಮ್ಮೆ ಹಾಕಿಸಿದವರು ಅದನ್ನು ಬಿಚ್ಚುವ ಗೋಜಿಗೇ ಹೋಗುವುದಿಲ್ಲ. ದೂರ ಹೋಗುವ ಬೈಕ್ ಅಂದರೆ ಮುಂದೆ ಎತ್ತರದ ಗಾಜು ಇರಲೇಬೇಕು ಎಂಬ ನಂಬಿಕೆ ಬೇರೂರಿಬಿಟ್ಟಿದೆ. ಕ್ರ್ಯಾಶ್ ಗಾರ್ಡ್, ಸೈಡ್ ಬಾಕ್ಸುಗಳ ಜೊತೆ ಅದನ್ನೂ ಶೋರೂಮಿನಲ್ಲೇ ಹಾಕಿಸಿಕೊಂಡು ಬರುವವರು ಬಹಳ. ನನ್ನ ಅಭಿಪ್ರಾಯ ಬೇರೆ. ನಮ್ಮ ರಸ್ತೆಗಳಿಗೆ, ನಾವು ಓಡಿಸುವ ವೇಗಕ್ಕೆ, ವರ್ಷದ ಬಹುಪಾಲು ತಿಂಗಳು ಆ ಗಾಜು ಬೇಡ.

ಮೊದಲು ಸದ್ದಿನ ಮಾತು. ಗಾಜು ಹಾಕಿಸಿದ ಮೇಲೂ ತಲೆನೋವು, ಹೆಲ್ಮೆಟ್ ಗಡಗಡ ಅಲ್ಲಾಡುತ್ತದೆ ಎನ್ನುವವರು ಸಾಮಾನ್ಯವಾಗಿ ಹೆಲ್ಮೆಟ್ಟನ್ನು ಬೈಯುತ್ತಾರೆ. ತಪ್ಪು ಹೆಲ್ಮೆಟ್ಟಿನದಲ್ಲ. ಹೊಳೆಯ ನೀರು ಬಂಡೆ ದಾಟಿದ ಮೇಲೆ ಸುಳಿ ತಿರುಗುವಂತೆ, ಗಾಜಿನ ಮೇಲಂಚು ದಾಟಿದ ಗಾಳಿಯೂ ಸುಳಿ ತಿರುಗುತ್ತದೆ. ಆ ಸುಳಿ ಎಲ್ಲಿ ಬಂದು ಬಡಿಯುತ್ತದೆ ಎಂಬುದು ಸವಾರನ ಎತ್ತರ, ಸೀಟಿನ ಎತ್ತರ, ಗಾಜಿನ ಓರೆ ಇವುಗಳ ಮೇಲೆ ನಿಂತಿದೆ. ಐದಡಿ ಮೂರಂಗುಲದವರಿಗೆ ನೆತ್ತಿಯ ಮೇಲೆ ಹಾದುಹೋಗುವ ಗಾಳಿ ಐದಡಿ ಹತ್ತಂಗುಲದವರ ಹಣೆಗೇ ಅಪ್ಪಳಿಸಬಹುದು. ಅಂಗಡಿಯಲ್ಲಿ ಮಾತ್ರ ಇಬ್ಬರಿಗೂ ಒಂದೇ ಗಾಜು ಕೊಡುತ್ತಾರೆ. ಹಿಂದೆ ಕೂತವರನ್ನಂತೂ ಯಾರೂ ಕೇಳುವುದಿಲ್ಲ. ಮುಂದಿನವರ ತಲೆ ತಪ್ಪಿಸಿಕೊಂಡ ಸುಳಿ ಎಷ್ಟೋ ಸಲ ಅವರ ಮುಖಕ್ಕೇ ಹೊಡೆಯುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ವಾಹನಗಳಿಲ್ಲದ ನೇರ ರಸ್ತೆಯಲ್ಲಿ, ನಿಮಗೆ ಹಿಡಿತವಿರುವ ವೇಗದಲ್ಲಿ, ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೀಟಿನಿಂದ ನಾಲ್ಕಂಗುಲ ಮೇಲೇಳಿ. ತಲೆ ಮೇಲೆ ಹೋದಾಗ ಸದ್ದು ಇಳಿದು ಹೆಲ್ಮೆಟ್ ನೆಟ್ಟಗೆ ನಿಂತರೆ, ಸದ್ದು ಹುಟ್ಟಿಸುತ್ತಿರುವುದು ಗಾಜೇ ಎಂದು ಖಚಿತ.

ಗಾಜು ತೆಗೆದರೆ ಸದ್ದೇ ಇರುವುದಿಲ್ಲ ಎಂದಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಳ್ಳೆಯ ಹೆಲ್ಮೆಟ್ಟಿನ ಒಳಗೂ ಸದ್ದು 90 ಡೆಸಿಬೆಲ್ ದಾಟುತ್ತದೆ. ದಿನವಿಡೀ ಸವಾರಿ ಇದ್ದರೆ ಕಿವಿಗೆ ಫೋಮಿನ ಇಯರ್‌ಪ್ಲಗ್ ಹಾಕಿಕೊಳ್ಳಲೇಬೇಕು. ಆದರೆ ಸದ್ದಿನ ಬಗೆ ಬೇರೆಯಾಗುತ್ತದೆ. ನೇರವಾಗಿ ಬರುವ ಗಾಳಿಯದು ಒಂದೇ ಸಮನಾದ ಮೊರೆತ. ಅದಕ್ಕೆ ಕಿವಿ ಬೇಗ ಒಗ್ಗುತ್ತದೆ. ಸುಳಿಗಾಳಿಯದು ಗುದ್ದು. ಅದು ಕತ್ತಿನ ಸ್ನಾಯುವನ್ನು ಕ್ಷಣಕ್ಷಣಕ್ಕೂ ಎಳೆದು ಬಿಡುತ್ತದೆ, ಸಂಜೆಯ ತಲೆನೋವಾಗಿ ಉಳಿಯುತ್ತದೆ.

‘ಗಾಳಿ ಎದೆಗೆ ಹೊಡೆದು ಸುಸ್ತಾಗುವುದಿಲ್ಲವೇ?’ ಎಂದು ಓದುಗರು ಕೇಳುತ್ತಾರೆ. ಇದನ್ನು ಲೆಕ್ಕ ಹಾಕಿಯೇ ನೋಡೋಣ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಳಿಗೆ ಎದುರಾಗುವ ಎದೆ-ಹೊಟ್ಟೆಯ ಭಾಗವನ್ನು ಒಂದು ಚದರ ಮೀಟರಿನ ಮೂರನೇ ಒಂದು ಪಾಲು ಎಂದು ಹಿಡಿದರೆ, 60ರ ವೇಗದಲ್ಲಿ ಬೀಳುವುದು ಸುಮಾರು ಐದಾರು ಕೆ.ಜಿ. ಒತ್ತಡ. 90ಕ್ಕೆ ಹನ್ನೆರಡು ಕೆ.ಜಿ. ದಾಟುತ್ತದೆ. 120ಕ್ಕೆ 22 ಕೆ.ಜಿ. ಆಗುತ್ತದೆ. ಅಂದರೆ 70-80ರ ಓಟದಲ್ಲಿ ಗಾಳಿ ಹೊರೆಯೇ ಅಲ್ಲ. ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿ ಕೂತರೆ ಅದೇ ಗಾಳಿ ಎದೆಗೆ ಆಸರೆ ಕೊಟ್ಟು ಮಣಿಕಟ್ಟಿನ ಭಾರ ಇಳಿಸುತ್ತದೆ. 100 ದಾಟಿ ಗಂಟೆಗಟ್ಟಲೆ ಓಡಿಸುವವರಿಗೆ ಮಾತ್ರ ಅದು ಶತ್ರು.

ಎತ್ತರದ ಗಾಜು ಹೆಸರಾದದ್ದೂ ಅಂಥವರಿಂದಲೇ. 1976ರಲ್ಲಿ ಬಿಎಂಡಬ್ಲ್ಯು ಕಂಪನಿ ಆರ್100ಆರ್‌ಎಸ್ ಬೈಕಿಗೆ ಇಟಲಿಯ ಪಿನಿನ್‌ಫರೀನಾದ ಗಾಳಿಸುರಂಗದಲ್ಲಿ ಪರೀಕ್ಷಿಸಿದ ಪೂರ್ಣ ಮುಸುಕು ತೊಡಿಸಿದಾಗ ಅದರ ಕಣ್ಣ ಮುಂದೆ ಜರ್ಮನಿಯ ಆಟೊಬಾನ್ ಹೆದ್ದಾರಿ ಇತ್ತು. ಅದೇ ದಶಕದಲ್ಲಿ ಕ್ರೇಗ್ ವೆಟರ್ ರೂಪಿಸಿದ ವಿಂಡ್‌ಜ್ಯಾಮರ್ ಎಂಬ ಮುಸುಕು ಅಮೆರಿಕದ ಮುಗಿಯದ ಹೆದ್ದಾರಿಗಳಲ್ಲಿ ಮನೆಮಾತಾಯಿತು. ನಮ್ಮಲ್ಲಿ? ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ನಮಗೆ ಉಳಿದದ್ದು ಸರ್ವಿಸ್ ರಸ್ತೆ, ಇಲ್ಲವೇ ಕನಕಪುರ-ಮಳವಳ್ಳಿಯ ದಾರಿ. ಚಾರ್ಮಾಡಿಯಲ್ಲಿ, ಆಗುಂಬೆಯ ತಿರುವುಗಳಲ್ಲಿ 30-40ರ ಮೇಲೆ ಓಡಿಸುವವರು ಯಾರು? 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳು ಬಹುಪಾಲು ಬರಿಮುಖದಲ್ಲೇ ಈ ಘಾಟಿಗಳನ್ನು ಹತ್ತಿ ಇಳಿದಿವೆ.

ಅಡ್ಡಗಾಳಿಯ ಊರುಗಳಲ್ಲಂತೂ ಗಾಜು ಅಪಾಯವನ್ನೇ ತರುತ್ತದೆ. ಚಿತ್ರದುರ್ಗದ ಆಸುಪಾಸಿನ ಗುಡ್ಡಗಳ ಮೇಲೆ, ಗದಗದ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಪಡುವಣ ಗಾಳಿ ಬೈಕನ್ನು ಪಕ್ಕಕ್ಕೆ ತಳ್ಳುತ್ತದೆ. ಹಿಮಾಲಯನ್‌ನಂಥ ಬೈಕಿನಲ್ಲಿ ಗಾಜು ಚಾಸಿಗೆ ಕೂತಿರುವುದರಿಂದ ಹ್ಯಾಂಡಲ್ ತಿರುಗಿದರೂ ಅದು ತಿರುಗುವುದಿಲ್ಲ. ಹ್ಯಾಂಡಲ್ಲಿಗೋ ಫೋರ್ಕಿಗೋ ಕಟ್ಟಿದ ಗಾಜಿನ ಕತೆ ಬೇರೆ. ಗಾಳಿಯ ಒಂದೊಂದು ಹೊಡೆತವೂ ನೇರ ಸ್ಟಿಯರಿಂಗಿಗೆ ಇಳಿಯುತ್ತದೆ. ಲಾರಿಯನ್ನು ಹಿಂದಿಕ್ಕಿ ಅದರ ಮರೆಯಿಂದ ಹೊರಬರುವ ಕ್ಷಣದಲ್ಲಿ ಹ್ಯಾಂಡಲ್ ಜಗ್ಗಿದ ಅನುಭವ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗಾಜಿನ ಹಿಂದೆ ವೇಗ ಮೈಗೆ ತಿಳಿಯುವುದಿಲ್ಲ. 90ರಲ್ಲಿದ್ದರೂ 60ರಲ್ಲಿ ಇದ್ದಂತೆ ಹಾಯಾಗಿರುತ್ತದೆ. ಬಿಳಿ ಪಟ್ಟೆ ಅಳಿಸಿಹೋದ ಹಂಪುಗಳು, ರಾಗಿ ಹುಲ್ಲು ಹರಡಿದ ಒಕ್ಕಣೆಯ ರಸ್ತೆಗಳು ಇರುವ ನಾಡಿನಲ್ಲಿ ಆ ಹಾಯಿ ಒಳ್ಳೆಯದಲ್ಲ. ಎದೆಗೆ ಬಡಿಯುವ ಗಾಳಿ ಮೀಟರಿನ ಮುಳ್ಳಿಗಿಂತ ಮೊದಲೇ ಎಚ್ಚರಿಸುತ್ತದೆ.

ಜೊತೆಗೆ ದಾರಿಯೂ ಹತ್ತಿರವಾಗುತ್ತದೆ. ಮೊದಲ ಮಳೆ ಬಿದ್ದ ವಾರದಲ್ಲಿ ಸಕಲೇಶಪುರದಾಚೆ ಕಾಫಿ ಹೂ ಅರಳಿದಾಗ, ಮಂಡ್ಯದ ಆಲೆಮನೆಯಲ್ಲಿ ಬೆಲ್ಲ ಕುದಿಯುವಾಗ, ಶಿರಸಿಯ ಕಡೆ ಅಡಿಕೆ ಬೇಯಿಸುವಾಗ, ಬೈಕಿನ ಮೇಲೆ ಇರುವವನಿಗೆ ಅದು ಮೊದಲು ಮೂಗಿಗೆ ಬರುತ್ತದೆ, ಆಮೇಲೆ ಕಣ್ಣಿಗೆ. ಕೆರೆಯ ಏರಿ ಹತ್ತಿದೊಡನೆ ತಂಪು, ಇಳಿದೊಡನೆ ಬಿಸಿ. ನಾನು ಕಾರು ಬಿಟ್ಟು ಬೈಕು ಹಿಡಿಯುವುದು ಇದಕ್ಕಾಗಿಯೇ. ಇದಕ್ಕೆ ಅಡ್ಡ ನಿಲ್ಲುವ ವಸ್ತುವನ್ನು ದುಡ್ಡು ಕೊಟ್ಟು ಹಾಕಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ಗಾಜು ಬೇಕಾದ ಹೊತ್ತೂ ಉಂಟು. ಡಿಸೆಂಬರಿನ ಬೆಳಗಿನ 10 ಡಿಗ್ರಿಗೆ 80ರ ಗಾಳಿ ಸೇರಿದರೆ ಮೈಗೆ ತಾಕುವುದು ನಾಲ್ಕೈದು ಡಿಗ್ರಿಯ ಚಳಿ. ಜಾಕೆಟ್ಟಿನೊಳಗೆ ಎದೆಗೆ ದಿನಪತ್ರಿಕೆ ಹಾಸಿಕೊಳ್ಳುವ ಹಳೆಯ ಉಪಾಯ ಇಂದಿಗೂ ಕೆಲಸ ಮಾಡುತ್ತದೆಯಾದರೂ, ದೂರದ ದಾರಿಗೆ ಗಾಜೇ ಮೇಲು. ಮೇ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಗಾಳಿ ತಂಪು ಕೊಡುವುದಿಲ್ಲ, ಮೈಯ ನೀರು ಹೀರುತ್ತದೆ. ಅಲ್ಲಿ ತುಂಬುತೋಳಿನ ಜಾಕೆಟ್ ಬಿಚ್ಚಬಾರದು. ಗಂಗಾವತಿಯ ಗದ್ದೆ ಸೀಮೆಯ ಮುಸ್ಸಂಜೆಯಲ್ಲಿ ಹುಳುಗಳ ದಂಡೇ ಎದುರಾಗುತ್ತದೆ. ಆದ್ದರಿಂದ ಮುಖ ಮುಚ್ಚದ ಅರ್ಧ ಹೆಲ್ಮೆಟ್ಟಿನವರಿಗೆ ನನ್ನ ಸಲಹೆ ಅನ್ವಯಿಸುವುದಿಲ್ಲ. ಐಎಸ್‌ಐ ಗುರುತಿನ ಫುಲ್‌ಫೇಸ್ ಹೆಲ್ಮೆಟ್ ತೊಟ್ಟ ಮೇಲೆಯೇ ಗಾಜಿನ ಬೋಲ್ಟಿಗೆ ಕೈಹಾಕಿ. ಮಳೆಗಾಲಕ್ಕೂ ಗಾಜು ಬೇಕೆನ್ನುವವರಿದ್ದಾರೆ. ಎದೆ ಅಷ್ಟು ಬೇಗ ನೆನೆಯುವುದಿಲ್ಲ, ನಿಜ. ಆದರೆ ಕಣ್ಣಿಗಿಂತ ಎತ್ತರದ, ಗೀರು ಬಿದ್ದ, ವೈಪರ್ ಇಲ್ಲದ ಗಾಜಿನ ಮೂಲಕ ರಾತ್ರಿ ಎದುರು ಲಾರಿಯ ಬೆಳಕನ್ನು ನೋಡುವುದು ಸಾವಿನ ಜೊತೆ ಸರಸ.

ಬಿಚ್ಚುವಾಗ ನಾಲ್ಕು ಎಚ್ಚರ ಇರಲಿ. ವಾಷರು, ರಬ್ಬರು ಕೂತಿದ್ದ ಕ್ರಮವನ್ನು ಫೋನಿನಲ್ಲಿ ಫೋಟೊ ಹಿಡಿದಿಟ್ಟುಕೊಳ್ಳಿ. ಖಾಲಿ ಬ್ರಾಕೆಟ್ ಬಿಟ್ಟರೆ ಅದು ಕಟಕಟ ಎನ್ನುತ್ತದೆ, ಅದನ್ನೂ ತೆಗೆಯಿರಿ. ಕೆಲವು ಬೈಕುಗಳಲ್ಲಿ ಅದೇ ಬೋಲ್ಟು ಹೆಡ್‌ಲೈಟನ್ನೂ ಹಿಡಿದಿರುತ್ತದೆ. ಅಲ್ಲಿ ಬೋಲ್ಟು ಮರಳಿ ಹಾಕಿ ಬಿಗಿಮಾಡಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಕೇಬಲ್ ಸಿಕ್ಕುತ್ತಿಲ್ಲವೆಂದು ನೋಡಿ. ಗಾಜನ್ನು ಪೆಟ್ರೋಲಿನಲ್ಲಿ ಒರೆಸಬೇಡಿ. ಅದು ಪಾಲಿಕಾರ್ಬೊನೇಟ್ ಅಥವಾ ಅಕ್ರಿಲಿಕ್. ಮಂಕಾಗಿ ಬಿರುಕು ಬಿಡುತ್ತದೆ. ಸೋಪಿನ ನೀರಲ್ಲಿ ತೊಳೆದು, ಹಳೆಯ ಹತ್ತಿ ಪಂಚೆ ಸುತ್ತಿ ನೆರಳಲ್ಲಿಡಿ. ಜಾಕೆಟ್ ಸಡಿಲವಾಗಿದ್ದರೆ ಪಟಪಟ ಬಡಿದು ಗಾಳಿಗಿಂತ ಹೆಚ್ಚು ದಣಿಸುತ್ತದೆ, ಆದ್ದರಿಂದ ಮೈಗೆ ಹೊಂದುವಂಥದ್ದು ಹಾಕಿ.

ಈ ಭಾನುವಾರ ಬಿಚ್ಚಿ, ನಿಮಗೆ ತೀರ ಪರಿಚಯದ ರಸ್ತೆಯಲ್ಲೇ ಹೋಗಿಬನ್ನಿ. ಮೊದಲ ಅರ್ಧ ಗಂಟೆಯ ಗಾಳಿಗೆ ಹೆದರಿ ತೀರ್ಮಾನಿಸಬೇಡಿ, ಸಂಜೆ ಮನೆಗೆ ಬಂದಾಗ ಕತ್ತು ಹೇಗಿದೆ ನೋಡಿ. ಮತ್ತೆ ಗಾಜು ಬೇಕೆನಿಸಿದರೆ ಹಾಕಿಕೊಳ್ಳಿ. ಆದರೆ ಅದರ ಮೇಲಂಚು ನಿಮ್ಮ ಮೂಗಿನ ಮಟ್ಟ ದಾಟದಂತೆ ಕತ್ತರಿಸಿಯೇ ಹಾಕಿಸಿ.