ಪಾದ್ರಿ ಮೇಷ್ಟ್ರ ಕನ್ನಡ

ಮತ ಹರಡುವ ಲೆಕ್ಕದಲ್ಲಿ ನೋಡಿದರೆ ಕನ್ನಡ ನಾಡಿನ ಮಿಷನ್ ಶಾಲೆಗಳು ಸೋತವೆಂದೇ ಹೇಳಬೇಕು. ಬೈಬಲ್ ಪಾಠ ಕೇಳಿದ ಹುಡುಗರಲ್ಲಿ ಬಹುಪಾಲು ಮಂದಿ ಹಣೆಯ ನಾಮ, ವಿಭೂತಿ ಅಳಿಸಿಕೊಳ್ಳದೆಯೇ ಪರೀಕ್ಷೆ ಪಾಸು ಮಾಡಿ ಕಚೇರಿ ಕೆಲಸಕ್ಕೆ ಸೇರಿಕೊಂಡರು. ಹಾಗಾದರೆ ಊರು ಬಿಟ್ಟು ಇಲ್ಲಿಗೆ ಬಂದು ಪಾಠ ಹೇಳಿದವರ ದುಡಿಮೆಯನ್ನು ಯಾವುದರಿಂದ ಅಳೆಯುವುದು? ಕಲಿಸುವುದಕ್ಕಾಗಿ ಅವರು ತಾವೇ ಏನು ಕಲಿತರು ಎಂಬುದರಿಂದ ಅಳೆಯಬೇಕು ಎಂಬುದು ನನ್ನ ವಾದ.

ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದ. ಶಾಲೆ ನಡೆಸಿದ, ಉಪದೇಶಿಗಳನ್ನು ತಯಾರು ಮಾಡಿದ, 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ. ಮುಂದೆ ಕಲ್ಲಚ್ಚಿನಲ್ಲಿ ಹಳೆಯ ಕಾವ್ಯಗಳ ಮಾಲೆಯನ್ನೇ ತಂದ. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು. ಸುವಾರ್ತೆ ಸಾರಲು ಬಂದವನ ಕೈಯಿಂದ ಹರಿದಾಸರು ಅಚ್ಚಿನ ಮನೆ ಹೊಕ್ಕರು! ಎದುರಾಳಿಯ ಮನಸ್ಸು ತಿಳಿಯುವುದಕ್ಕೇ ಇದೆಲ್ಲ ಮಾಡಿದ ಎನ್ನುವವರಿದ್ದಾರೆ. ಇರಬಹುದು. ಆದರೆ ಬೇಹುಗಾರಿಕೆಗಾಗಿ ಯಾರೂ ಇಷ್ಟೊಂದು ಅಕ್ಕರೆಯಿಂದ ಓಲೆಗರಿಗಳ ಬೆನ್ನು ಹತ್ತುವುದಿಲ್ಲ.

ಇದನ್ನು ಬರೀ ಹೊಗಳಿಕೆ ಎಂದುಕೊಳ್ಳಬೇಡಿ. 1844ರ ಜನವರಿಯಲ್ಲಿ ಮೋಗ್ಲಿಂಗನ ಶಿಷ್ಯ, ಸಾರಸ್ವತರ ಹುಡುಗ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಕೆರಳಿತು. ಓದು ಕಲಿಯಲೆಂದು ಮಗನನ್ನು ಕಳಿಸಿದ ಮನೆಯವರಿಗೆ ಮಗನೇ ಕೈತಪ್ಪಿದ್ದ. ಅವರ ಸಿಟ್ಟು ಬರೀ ಮಡಿವಂತಿಕೆಯದಲ್ಲ, ಮೇಷ್ಟ್ರ ಮೇಲೆ ಇಟ್ಟ ನಂಬಿಕೆ ಮುರಿದದ್ದರದು. ಮಿಷನ್ ಶಾಲೆಯ ಈ ದೋಷಕ್ಕೆ ವಿನಾಯಿತಿ ಕೊಡಲಾರೆ. ಕೌಂಡಿನ್ಯ ಮುಂದೆ ಬಾಸೆಲ್‌ಗೇ ಹೋಗಿ ಓದಿ, ಪಾದ್ರಿಯಾಗಿ ಮರಳಿ ಬಂದು ಮಂಗಳೂರಿನಲ್ಲೇ ಪಾಠ ಹೇಳಿದ.

ಅದೇ ಮಿಷನ್ನಿನ ಪಾದ್ರಿ ಕಿಟೆಲ್ಲನದು ಇನ್ನೊಂದು ಬಗೆ. 1862ರ ಅವನ 'ಕಥಾಮಾಲೆ' ಯೇಸುವಿನ ಕತೆಯನ್ನು ನಮ್ಮ ಛಂದಸ್ಸಿಗೆ ಒಗ್ಗಿಸಲು ನೋಡಿತು. ಜನರ ನಾಲಗೆಯಲ್ಲಿ ಅದು ಉಳಿಯಲಿಲ್ಲ. ಆದರೆ ಅದೇ ಬೆನ್ನುಹತ್ತುವಿಕೆ ಕೇಶಿರಾಜನ ವ್ಯಾಕರಣಕ್ಕೂ ನಾಗವರ್ಮನ ಛಂದಸ್ಸಿಗೂ ಕೊನೆಗೆ 1894ರ ನಿಘಂಟಿಗೂ ಅವನನ್ನು ಎಳೆದೊಯ್ದಿತು. ಕವಿಯಾಗಿ ಸೋತವನು ವಿದ್ಯಾರ್ಥಿಯಾಗಿ ಗೆದ್ದ.

ಬೆಂಗಳೂರಿನಲ್ಲಿ ಈ ಕೆಲಸ ಹಿಡಿದದ್ದು ಲಂಡನ್ ಮಿಷನ್. 1837ರಲ್ಲಿ ಬಂದ ಬೆಂಜಮಿನ್ ರೈಸ್ ಇಲ್ಲಿ ಅರ್ಧ ಶತಮಾನ ದುಡಿದ. ಪೇಟೆಯ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆದದ್ದು 1842ರಲ್ಲಿ, ಸೀವೆಲ್ ಮತ್ತು ರೈಸ್ ಪಾದ್ರಿಗಳ ಹೆಂಡಂದಿರು. ರೈಸನ ಮಗ ಲೂಯಿಸ್ ರೈಸ್ ಇಲ್ಲೇ ಹುಟ್ಟಿ, ಮೈಸೂರು ಸೀಮೆಯ ವಿದ್ಯಾ ಇಲಾಖೆಯ ಚುಕ್ಕಾಣಿ ಹಿಡಿದು, ಹೋಬಳಿಗೊಂದು ಶಾಲೆ ಎಂಬ ಯೋಜನೆ ಹಾಕಿದ. ಶಾಸನಗಳ ರೈಸ್ ಎಂದು ನೆನೆಯುವ ನಾವು ಈ ಹೋಬಳಿ ಶಾಲೆಯ ರೈಸನನ್ನು ಮರೆತಿದ್ದೇವೆ.

ಇತ್ತ ನಮ್ಮ ದಕ್ಷಿಣ ಬೆಂಗಳೂರು. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದೇ 1948ರಲ್ಲಿ; ಪಾದ್ರಿ ಮೇಷ್ಟ್ರ ಕಾಲ ಅಷ್ಟರಲ್ಲಿ ಮುಗಿದಿತ್ತು. ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಸಂತರ ಹೆಸರಿನ ಶಾಲೆಗಳು ಆ ಪರಂಪರೆಯಿಂದ ಶಿಸ್ತು, ಸಮವಸ್ತ್ರ, ಬೆಳಗಿನ ಪ್ರಾರ್ಥನೆ ಇವನ್ನೆಲ್ಲ ಉಳಿಸಿಕೊಂಡವು, ಕನ್ನಡವನ್ನು ಒಂದು ಪೀರಿಯಡ್ಡಿಗೆ ಇಳಿಸಿದವು. ತಪ್ಪು ಅವುಗಳದ್ದೊಂದೇ ಅಲ್ಲ. ಸರಸ್ವತಿಯ ಹೆಸರಿಟ್ಟುಕೊಂಡ ಶಾಲೆಗಳೂ ಹಾಗೆಯೇ ಇವೆ, ಅಡ್ಮಿಶನ್ನಿಗೆ ಕ್ಯೂ ನಿಲ್ಲುವವರೂ ನಾವೇ. ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತ ಮೇಲೆ ಸರ್ಕಾರಕ್ಕೆ ಉಳಿದದ್ದು 2015ರ ಕನ್ನಡ ಭಾಷಾ ಕಲಿಕೆ ಕಾಯಿದೆ. ಅದು ಕನ್ನಡವನ್ನು ಪಾಠವಾಗಿ ಕಲಿಸಬೇಕೆನ್ನುತ್ತದೆ. ಲೆಕ್ಕ, ವಿಜ್ಞಾನದ ಮೇಷ್ಟ್ರಿಗೆ ಕನ್ನಡ ಬರಬೇಕೆಂದು ಅದರಲ್ಲಿಲ್ಲ. ಬಾಸೆಲ್‌ನಿಂದ ಬಂದವರಿಗೆ ಮೊದಲ ಕೆಲಸವೇ ಭಾಷಾಭ್ಯಾಸವಾಗಿತ್ತು. ಇವತ್ತು ಬನಶಂಕರಿಯಲ್ಲಿ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕುವವರಿಗೆ ಬಿ.ಎಡ್. ಇದೆಯೇ, ಇಂಗ್ಲಿಷ್ ನಿರರ್ಗಳವೇ ಎಂದು ಕೇಳುತ್ತಾರೆ. ಮಗು ಕನ್ನಡದಲ್ಲಿ ಸಂದೇಹ ಕೇಳಿದರೆ ಏನು ಮಾಡುತ್ತೀರಿ ಎಂದು ಕೇಳುವ ಆಡಳಿತ ಮಂಡಳಿಯನ್ನು ನಾನಂತೂ ಕಂಡಿಲ್ಲ.